ಬಾಗಲೂರಿನಲ್ಲಿ ಏನೂ ಕಾಣಲಿಲ್ಲ

ನಮ್ಮ ಕಡೆ ಜಮೀನಿದ್ದವರು ಐವತ್ತು ದಾಟುವ ಹೊತ್ತಿಗೆ ಏನಾದರೊಂದನ್ನು ಹಿಡಿಯುತ್ತಾರೆ. ಕೆಲವರು ರಾಜಕೀಯ ಹಿಡಿದರು, ಕೆಲವರು ದೇವಸ್ಥಾನದ ಟ್ರಸ್ಟ್ ಹಿಡಿದರು, ನನ್ನ ಷಡ್ಡಕ ವಾಕಿಂಗ್ ಹಿಡಿದ. ನಾನು ಆಕಾಶ ಹಿಡಿದೆ. ಹುಣಸಮಾರನಹಳ್ಳಿಯಲ್ಲಿ ನನ್ನನ್ನು ಮೊದಲು ಮೂರು ಬಿಲ್ಡಿಂಗ್ ಬಾಲರಾಜು ಎನ್ನುತ್ತಿದ್ದರು. ಈಗ ಟೆಲಿಸ್ಕೋಪ್ ಬಾಲರಾಜು ಎನ್ನುತ್ತಾರೆ. ಹೆಸರು ಬದಲಾದರೂ ಹೇಳುವವರ ಮುಖದ ನಗು ಬದಲಾಗಿಲ್ಲ.

ನಮ್ಮ ತಂದೆ ಚಿಕ್ಕಬೈರಪ್ಪ ದ್ರಾಕ್ಷಿ ಬೆಳೆಯುತ್ತಿದ್ದ ಜಾಗದಲ್ಲಿ, ಏರ್‌ಪೋರ್ಟ್ ಬಂದ ಮೇಲೆ, ನಾನು ಬಾಡಿಗೆ ಮನೆಗಳನ್ನು ಬೆಳೆದೆ. ದ್ರಾಕ್ಷಿಗಾದರೆ ಔಷಧಿ ಹೊಡೆಯಬೇಕು, ಚಪ್ಪರ ಕಟ್ಟಬೇಕು, ಕರೆಂಟ್ ಬಂದಾಗ ಓಡಿಹೋಗಿ ಮೋಟರ್ ಹಾಕಬೇಕು. ಬಾಡಿಗೆ ಮನೆಗೆ ಅದೇನೂ ಬೇಡ. ತಿಂಗಳಿಗೊಮ್ಮೆ ಫೋನ್ ಮಾಡಿ ಕೆಮ್ಮಿದರೆ ಸಾಕು. ಹೀಗೆ ನಾನು ಕೈ ಬೀಸಿಕೊಂಡು ಓಡಾಡುತ್ತಿದ್ದ ಕಾಲದಲ್ಲಿ ಮಗಳು ಚೈತ್ರ ತನ್ನ ಹುಟ್ಟುಹಬ್ಬಕ್ಕೆ ಒಂದು ಟ್ರೈಪಾಡ್ ಬೇಕೆಂದಳು. ಅವಳು ಕೇಳಿದ್ದು ಮೊಬೈಲ್ ಸಿಕ್ಕಿಸಿ ವಿಡಿಯೋ ಮಾಡಿಕೊಳ್ಳುವ ಮೂರು ಕಾಲಿನ ಕಡ್ಡಿ. ನಾನು ಅಂಗಡಿಗೆ ಹೋಗಿ ಟ್ರೈಪಾಡ್ ಎಂದೆ. ಅಂಗಡಿಯವನು ನನ್ನ ಕತ್ತಿನ ಚೈನನ್ನೊಮ್ಮೆ ನೋಡಿ, ಸೊಂಟದೆತ್ತರದ ಟ್ರೈಪಾಡೊಂದನ್ನು ತಂದು ನಿಲ್ಲಿಸಿದ. ಅದರ ಮೇಲೆ ಟೆಲಿಸ್ಕೋಪೂ ಇತ್ತು. ಇಷ್ಟು ಗಟ್ಟಿಯಾದ ಟ್ರೈಪಾಡ್ ಬೇರೆಲ್ಲೂ ಸಿಗುವುದಿಲ್ಲವೆಂದು ನನಗೂ ಅನ್ನಿಸಿತು.

"ಅಪ್ಪಾ, ಇದೇನಿದು?" ಎಂದಳು ಚೈತ್ರ.

"ನೀನು ಕೇಳಿದ್ದೇ ಕಣಮ್ಮ. ಮೇಲಿರೋದು ಫ್ರೀ ಅಂದ್ಕೋ."

ಅವಳು ಮಾರನೆಯ ದಿನವೇ ತನಗೆ ಬೇಕಾದ ಕಡ್ಡಿಯನ್ನು ತಾನೇ ತರಿಸಿಕೊಂಡಳು. ಟೆಲಿಸ್ಕೋಪು ನನ್ನ ಪಾಲಿಗೆ ಉಳಿಯಿತು. ಒಂದು ಸಂಜೆ ಟೆರೇಸಿಗೆ ಹೊತ್ತೊಯ್ದು ಚಂದ್ರನ ಕಡೆ ತಿರುಗಿಸಿದೆ. ಎಷ್ಟೋ ಹೊತ್ತು ಮಸುಕಾಗಿದ್ದದ್ದು ಗುಂಡಿ ತಿರುಗಿಸುತ್ತಿದ್ದಂತೆ ತಟ್ಟನೆ ಚೊಕ್ಕವಾಯಿತು. ಗುಳಿಗಳು, ಗುಳಿಗಳೊಳಗೆ ನೆರಳು, ನೆರಳಿನ ನಡುವೆ ಬೆಳಕು ಹತ್ತಿದ ಒಂದು ಬೆಟ್ಟದ ತುದಿ. ನಾನು ಜೀವನದಲ್ಲಿ ನೋಡಿದ ಸೈಟುಗಳಲ್ಲಿ ಯಾರೂ ಬೇಲಿ ಹಾಕದ ಸೈಟು ಅದೊಂದೇ. ಮೈ ಜುಮ್ಮೆಂದಿತು. ಹೆಂಡತಿ ರಾಧಾಮಣಿಯನ್ನು ಕೂಗಿ ಕರೆದು ತೋರಿಸಿದೆ. ಅವಳು ಬಗ್ಗಿ ನೋಡಿ, "ಚೆನ್ನಾಗಿದೆ ರೀ. ಮೂರನೇ ಮಹಡಿಯವ್ರ ಸಿಂಕ್ ಕಟ್ಕೊಂಡಿದ್ಯಂತೆ, ಅದನ್ನೂ ಒಂದ್ಸಲ ನೋಡ್ಬಿಡಿ" ಎಂದು ಕೆಳಗಿಳಿದಳು.

ಆಮೇಲೆ ತಿಳಿದ ವಿಷಯವೆಂದರೆ, ನನ್ನ ಟೆರೇಸಿನಿಂದ ದಕ್ಷಿಣದ ಆಕಾಶ ಕಾಣುವುದಿಲ್ಲ. ಅಲ್ಲಿ ನನ್ನ ಎರಡನೇ ಬಿಲ್ಡಿಂಗ್ ಇದೆ. ಪಶ್ಚಿಮ ಕಾಣುವುದಿಲ್ಲ, ಅಲ್ಲಿ ಮೂರನೆಯದು. ಉಳಿದ ಕಡೆಯ ನಕ್ಷತ್ರಗಳನ್ನು ನಾನೇ ಹಾಕಿಸಿದ ಎಲ್‌ಇಡಿ ದೀಪಗಳು ತಿಂದಿದ್ದವು. ನಗರದ ಬೆಳಕಿನಿಂದ ಆಕಾಶ ಹಾಳಾಗಿದೆ ಎಂದು ನಾನು ಯಾರ ಮೇಲಾದರೂ ದೂರು ಕೊಡುವುದಾದರೆ ಆರೋಪಿಯ ವಿಳಾಸ ಹುಡುಕಲು ಪೊಲೀಸರಿಗೆ ಕಷ್ಟವೇನೂ ಆಗುತ್ತಿರಲಿಲ್ಲ.

ಕಲಿಯಬೇಕೆಂಬ ಆಸೆಯಿಂದ ಆರ್.ಟಿ. ನಗರದ ಖಗೋಳ ವೀಕ್ಷಕರ ಸಂಘ ಸೇರಿದೆ. ಅದನ್ನು ನಡೆಸುತ್ತಿದ್ದವರು ಖುರ್ಷೀದ್ ಮೇಡಂ. ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸಿ ನಿವೃತ್ತರಾದವರು. ಅವರ ಕನ್ನಡ ಪಠ್ಯಪುಸ್ತಕದಷ್ಟು ಶುದ್ಧ, ಅವರ ನೋಟ ಪರೀಕ್ಷಾ ಕೊಠಡಿಯಷ್ಟು ತಣ್ಣಗೆ. ನಾನು ಹೊಸಬನ ಉತ್ಸಾಹದಲ್ಲಿ ಇಡೀ ಸಂಘವನ್ನು ನಮ್ಮ ಟೆರೇಸಿಗೆ ಕರೆದೆ. ಬೋಂಡಾ ಮಾಡಿಸಿದೆ. ಇಪ್ಪತ್ತು ಜನ ಬಂದರು. ಬೋಂಡಾ ಮುಗಿದ ಮೇಲೆ ಮೇಡಂ, "ಹೊಸ ಸದಸ್ಯರೇ ಶುರು ಮಾಡಲಿ. ಬಾಲರಾಜು ಅವರೇ, ಧ್ರುವ ನಕ್ಷತ್ರ ತೋರಿಸಿ" ಎಂದರು.

ನಾನು ಹಿಂದಿನ ವಾರವಿಡೀ ಓದಿದ್ದೆ. ಉತ್ತರಕ್ಕೆ ತಿರುಗಿ, ಕೆಳಗೆ ಒಂದೇ ಕಡೆ ಅಲ್ಲಾಡದೆ ನಿಂತಿದ್ದ ಬೆಳಕಿಗೆ ಬೆರಳು ತೋರಿಸಿದೆ. "ಅದೋ ಮೇಡಂ. ಉಳಿದವೆಲ್ಲ ಸುತ್ತುತ್ವೆ, ಅದು ಮಾತ್ರ ಜಾಗ ಬಿಟ್ಟು ಕದಲಲ್ಲ."

ಮೇಡಂ ಕನ್ನಡಕ ಸರಿಮಾಡಿಕೊಂಡು ನೋಡಿದರು. "ಕದಲಲ್ಲ, ನಿಜ. ಆದರೆ ಕೆಂಪಗಿದೆ. ಅದು ಮೊಬೈಲ್ ಟವರಿನ ದೀಪ."

ಅದಷ್ಟೇ ಆಗಿದ್ದರೆ ತಡೆದುಕೊಳ್ಳುತ್ತಿದ್ದೆ. ಮೆಟ್ಟಿಲ ಮೇಲೆ ಕೂತಿದ್ದ ನಮ್ಮ ತಾಯಿ ಗಂಗರತ್ನಮ್ಮ, ಮಗನಿಗೆ ಸಹಾಯ ಮಾಡುವ ಒಳ್ಳೆಯ ಮನಸ್ಸಿನಿಂದ, "ಊ ಕಣಮ್ಮ, ಅದು ನಮ್ದೇ ಟವರು. ಇವ್ನೇ ನಮ್ ಅತ್ತಿಮರದ ಜಾಗ ಬಾಡಿಗೆಗೆ ಕೊಟ್ಟವ್ನೆ" ಎಂದರು. ಇಪ್ಪತ್ತು ಜನ ಒಟ್ಟಿಗೆ ನಕ್ಕದ್ದು ಟೆರೇಸಿನಿಂದ ಮೇನ್ ರೋಡಿಗೆ ಕೇಳಿಸಿರಬೇಕು.

ಮುಂದಿನ ತಿಂಗಳೇ ನಾನು ಆ ಸಂಘ ಬಿಟ್ಟು ಯಲಹಂಕದಲ್ಲಿ ನನ್ನದೇ ಒಂದು ಕಟ್ಟಿದೆ. 'ಯಲಹಂಕ ತಾರಾಮಿತ್ರರು' ಎಂದು ಹೆಸರಿಟ್ಟೆ. ಜ್ಞಾನ ಹರಡಬೇಕೆಂಬ ಉದ್ದೇಶದಿಂದ ಎಂದು ಉದ್ಘಾಟನೆಯ ಭಾಷಣದಲ್ಲಿ ಹೇಳಿದೆ. ಕಾರ್ಯದರ್ಶಿಯಾಗಿ ರಘುನಾಥ್ ಸಿಕ್ಕರು. ಅವರು ಸರ್ವೇ ಇಲಾಖೆಯಲ್ಲಿದ್ದವರು, ಭೂಮಿ ಅಳೆದು ಸಾಕಾಗಿ ಮೇಲೆ ನೋಡತೊಡಗಿದವರು. ಅಧ್ಯಕ್ಷ ನಾನು, ಏಕೆಂದರೆ ಕುರ್ಚಿ, ಶಾಮಿಯಾನ, ಬೋಂಡಾ ಮೂರೂ ನನ್ನವು.

ಅಲ್ಲಿಂದ ಎರಡು ಸಂಘಗಳ ಪೈಪೋಟಿ ಶುರುವಾಯಿತು. ಅವರು ಹನ್ನೆರಡು ಇಂಚಿನ ಟೆಲಿಸ್ಕೋಪ್ ತಂದರೆ ನಾವು ಅದಕ್ಕಿಂತ ದೊಡ್ಡ ಬ್ಯಾನರ್ ಹಾಕಿಸುತ್ತಿದ್ದೆವು. ಒಮ್ಮೆ ಪುಟ್ಟೇನಹಳ್ಳಿ ಕೆರೆಯ ಬಳಿ ಒಂದೇ ಸಂಜೆ ಇಬ್ಬರೂ ಶನಿಗ್ರಹ ತೋರಿಸಲು ನಿಂತೆವು. ಅವರ ಕಡೆ ಜನ ಸಾಲುಗಟ್ಟಿದ್ದು ನೋಡಿ ನನಗೆ ತಡೆಯಲಾಗಲಿಲ್ಲ. ಮೈಕ್ ಹಿಡಿದು, "ಬನ್ನಿ ಬನ್ನಿ, ಶನಿ ದರ್ಶನ, ಉಚಿತ ಶನಿ ದರ್ಶನ" ಎಂದು ಕೂಗಿದೆ. ಜನ ಬಂದರು. ಆದರೆ ಚಪ್ಪಲಿ ಬಿಟ್ಟು ಬಂದರು. ಒಬ್ಬರು ಎಳ್ಳೆಣ್ಣೆ ಎಲ್ಲಿ ಸುರಿಯಬೇಕೆಂದು ಕೇಳಿ ಟೆಲಿಸ್ಕೋಪಿನ ಕೊಳವೆಯನ್ನೇ ಆಸೆಯಿಂದ ನೋಡಿದರು. ವಯಸ್ಸಾದ ಹೆಂಗಸೊಬ್ಬರು ಸಾಲಿನಲ್ಲಿ ಅರ್ಧ ದೂರ ಬಂದವರು, "ನಂಗೆ ಸಾಡೇಸಾತಿ ಈಗ್ತಾನೆ ಮುಗ್ದೈತೆ. ಮರ್ತು ಸುಮ್ನಿರೋನ್ಗೆ ನಾನಾಗೇ ಓಗಿ ಮುಖ ತೋರುಸ್ಲಾ?" ಎಂದು ವಾಪಸು ಹೋದರು. ರಸ್ತೆಯಾಚೆ ಖುರ್ಷೀದ್ ಮೇಡಂ ಎರಡು ಕೈಯಲ್ಲೂ ಹಣೆ ಹಿಡಿದುಕೊಂಡು ನಿಂತಿದ್ದು ಕಾಣಿಸಿತು. ಆ ಸಂಜೆ ಜನಸಂಖ್ಯೆಯಲ್ಲಿ ನಾವು ಗೆದ್ದೆವು. ಮನೆಗೆ ಹೋದ ಮೇಲೆ ಗೆದ್ದದ್ದು ಏನೆಂದು ಮಾತ್ರ ಗೊತ್ತಾಗಲಿಲ್ಲ.

ಹೀಗಿರುವಾಗ ಕಳೆದ ವರ್ಷದ ಚಳಿಗಾಲದಲ್ಲಿ ಸಂಶೋಧನಾ ಸಂಸ್ಥೆಯ ಪ್ರೊಫೆಸರ್ ಒಬ್ಬರಿಂದ ಎರಡು ಸಂಘಗಳಿಗೂ ಒಂದೇ ಮೇಲ್ ಬಂತು. ಒಂದು ಚಿಕ್ಕ ಕ್ಷುದ್ರಗ್ರಹ, ಅಂದರೆ ಸೂರ್ಯನನ್ನು ಸುತ್ತುವ ಒಂದು ಬಂಡೆ, ಒಂದು ನಕ್ಷತ್ರದ ಮುಂದೆ ಹಾದುಹೋಗಲಿದೆ. ಅದರ ನೆರಳು ಬೆಂಗಳೂರಿನ ಉತ್ತರ ಭಾಗದ ಮೇಲೆ ಬೀಳಬಹುದು. ಒಂದೇ ಸಂಘದಿಂದ ಈ ಕೆಲಸ ಆಗುವುದಿಲ್ಲ, ಇಬ್ಬರೂ ಸೇರಿ ಮಾಡಿ ಎಂದು ಬರೆದಿದ್ದರು.

ಮಾತುಕತೆಗೆ ಯಾರ ಮನೆಗೆ ಯಾರು ಹೋಗಬೇಕೆಂಬುದೇ ಪ್ರಶ್ನೆಯಾಗಿ, ಕೊನೆಗೆ ಹೆಬ್ಬಾಳದ ಒಂದು ಹೋಟೆಲಿನಲ್ಲಿ ಸೇರಿದೆವು. ನಮ್ಮ ಕಡೆಯಿಂದ ನಾನು, ರಘುನಾಥ್. ಅವರ ಕಡೆಯಿಂದ ಮೇಡಂ ಮತ್ತು ಜೀಷಾನ್. ಜೀಷಾನ್ ಆರ್.ಟಿ. ನಗರದಲ್ಲಿ ಕನ್ನಡಕದ ಅಂಗಡಿ ಇಟ್ಟುಕೊಂಡಿರುವ, ಹೆಚ್ಚುಕಡಿಮೆ ನನ್ನದೇ ವಯಸ್ಸಿನ ಮನುಷ್ಯ. ಸಂಘದ ಕ್ಯಾಮರಾಗಳೆಲ್ಲ ಅವರ ಸುಪರ್ದಿಯಲ್ಲಿದ್ದವು. ಇಡ್ಲಿ ಬಂದ ಮೇಲೆ ಮೇಡಂ ಚಮಚ ಎತ್ತಿ ಹಿಡಿದರು.

"ಮೇಲಿನ ಟ್ಯೂಬ್‌ಲೈಟು ನಕ್ಷತ್ರ. ಈ ಚಮಚ ನಮ್ಮ ಬಂಡೆ. ನೆರಳು ನಿಮ್ಮ ತಟ್ಟೆ ಮೇಲೆ ಬಿತ್ತು, ನೋಡಿ. ಆ ತಟ್ಟೆ ಮೇಲೊಂದು ಇರುವೆ ಇದ್ದರೆ ಅದಕ್ಕೆ ದೀಪ ಒಂದು ಕ್ಷಣ ಆರಿ ಹತ್ತಿದಂತೆ ಕಾಣುತ್ತೆ. ಲೋಟದ ಮೇಲಿರೋ ಇರುವೆಗೆ ಏನೂ ಕಾಣಲ್ಲ. ಇರುವೆಗಳನ್ನ ಸಾಲಾಗಿ ದೂರ ದೂರ ನಿಲ್ಲಿಸಿ, ಯಾರ್ಯಾರಿಗೆ ಎಷ್ಟು ಹೊತ್ತು ದೀಪ ಆರಿತು ಅಂತ ಕೇಳಿದರೆ ಚಮಚ ಎಷ್ಟು ಅಗಲ ಇದೆ ಅಂತ ಗೊತ್ತಾಗುತ್ತೆ."

"ಅಂದ್ರೆ ನಾವು ಇರುವೆಗಳು" ಎಂದೆ.

"ಈ ಲೆಕ್ಕದಲ್ಲಿ ಎಲ್ಲರೂ" ಎಂದರು ಮೇಡಂ.

ರಘುನಾಥ್ ನಕ್ಷೆ ಬಿಡಿಸಿದರು. ಪ್ರೊಫೆಸರ್ ಕಳಿಸಿದ ಲೆಕ್ಕದ ಪ್ರಕಾರ ನೆರಳಿನ ನಟ್ಟನಡುವೆ ಬರುವುದು ಬಾಗಲೂರು. ಪುಟ್ಟೇನಹಳ್ಳಿ ನೆರಳಿನ ಅಂಚಿನ ಹತ್ತಿರ, ಹೆಬ್ಬಾಳ ಅಂಚಿನಾಚೆ. ಯಶವಂತಪುರ ಇನ್ನೂ ಆಚೆ. ಅಲ್ಲಿ ಏನೂ ಕಾಣಲಾರದು, ಆದರೂ ಲೆಕ್ಕ ತಪ್ಪಿದರೆ ಇರಲಿ ಎಂದು ಯಾರಾದರೂ ನಿಲ್ಲಬೇಕು. ಬಾಗಲೂರಿನಲ್ಲಿ ನನ್ನದೊಂದು ಲೇಔಟ್ ಇತ್ತು. ನಾನು ತಕ್ಷಣ, "ಬಾಗಲೂರು ನಮ್ಮ ಜಾಗ, ಅಲ್ಲಿಗೆ ನಾನೇ ಹೋಗೋದು ನ್ಯಾಯ" ಎಂದೆ. ಮೇಡಂ ವಿರೋಧಿಸುತ್ತಾರೆಂದು ಇನ್ನೂ ನಾಲ್ಕು ಕಾರಣ ಸಿದ್ಧಮಾಡಿಕೊಂಡು ಬಂದಿದ್ದೆ.

"ತಗೊಳ್ಳಿ" ಎಂದರು ಅವರು. "ನಾನು ಯಶವಂತಪುರಕ್ಕೆ ಹೋಗ್ತೀನಿ. ಅಲ್ಲಿ ನನ್ನ ತಂಗಿ ಮನೆ ಇದೆ."

ಸಿದ್ಧಮಾಡಿದ ನಾಲ್ಕು ಕಾರಣ ಬಾಯಲ್ಲೇ ಉಳಿದು ಇಡ್ಲಿ ಇಳಿಯಲಿಲ್ಲ. ಒಂದು ಷರತ್ತು ಮಾತ್ರ ಅವರು ಹಾಕಿದರು: ಪ್ರತಿ ಜಾಗದಲ್ಲೂ ಎರಡೂ ಸಂಘದವರು ಇರಬೇಕು. ಹಾಗಾಗಿ ಜೀಷಾನ್ ಕ್ಯಾಮರಾ ಸಮೇತ ನನ್ನ ಜೊತೆಗೆ, ರಘುನಾಥ್ ಮೇಡಂ ಜೊತೆಗೆ. ಪುಟ್ಟೇನಹಳ್ಳಿಗೂ ಹೆಬ್ಬಾಳಕ್ಕೂ ಉಳಿದ ಸದಸ್ಯರನ್ನು ಹಂಚಿದೆವು.

ಆ ದಿನ ಆಕಾಶ ತೊಳೆದಿಟ್ಟಂತಿತ್ತು. ಹೊತ್ತು ಮುಳುಗುವ ಮೊದಲೇ ನಾನು, ಜೀಷಾನ್ ಬಾಗಲೂರಿನ ಲೇಔಟ್ ಸೇರಿದೆವು. ಇನ್ನೂ ಒಂದು ಮನೆಯೂ ಏಳದ, ಕಲ್ಲು ನೆಟ್ಟ ಖಾಲಿ ಸೈಟುಗಳ ಬಯಲು. ಜೀಷಾನ್ ಸಂತೋಷಪಟ್ಟರು. "ಒಳ್ಳೆ ಜಾಗ ಸರ್. ಕತ್ತಲೆ ಚೆನ್ನಾಗಿರುತ್ತೆ."

ಕತ್ತಲಾಯಿತು. ಆಗುತ್ತಿದ್ದಂತೆ ಲೇಔಟಿನ ಕಮಾನಿನ ಮೇಲಿನ ನಾಲ್ಕು ಫೋಕಸ್ ಲೈಟುಗಳು ಫಕ್ಕನೆ ಹತ್ತಿ, ಬಯಲೆಲ್ಲ ಕ್ರಿಕೆಟ್ ಮೈದಾನವಾಯಿತು. ಕಮಾನಿನ ಮೇಲೆ ನನ್ನ ಹೆಸರು, ಕೈಮುಗಿದ ನನ್ನ ಫೋಟೋ ಝಗಝಗಿಸಿದವು.

"ಆಫ್ ಮಾಡ್ಸಿ ಸರ್" ಎಂದರು ಜೀಷಾನ್.

"ಆಟೋಮ್ಯಾಟಿಕ್ಕು. ಕತ್ತಲಾದ್ರೆ ತಾನೇ ಹತ್ತುತ್ತೆ. ಪೆಟ್ಟಿಗೆ ಬೀಗದ ಕೈ ಎಲೆಕ್ಟ್ರಿಷಿಯನ್ ಹತ್ರ ಇದೆ, ಅವ್ನು ಮದುವೆಗೆ ಅಂತ ಹೊಸಕೋಟೆಗೆ ಹೋಗಿದಾನೆ."

ಇಬ್ಬರೂ ಏಣಿ ಹುಡುಕಿ ತಂದೆವು. ಸಿಮೆಂಟ್ ಮೂಟೆ ಮುಚ್ಚುವ ಟಾರ್ಪಾಲು ಸಿಕ್ಕಿತು. ಐವತ್ತು ದಾಟಿದ ಇಬ್ಬರು ಗಂಡಸರು ಕಮಾನು ಹತ್ತಿ, ಲೈಟುಗಳ ಸಮೇತ ನನ್ನ ಮುಖದ ಮೇಲೆ ಟಾರ್ಪಾಲು ಎಳೆದು ಹಗ್ಗ ಕಟ್ಟಿದೆವು. ಇಳಿಯುವಾಗ ಜೀಷಾನ್, "ಬೇಜಾರ್ ಮಾಡ್ಕೋಬೇಡಿ ಸರ್, ಈಗ ಆಕಾಶ ಚೆನ್ನಾಗಿ ಕಾಣ್ತಿದೆ" ಎಂದರು. ಅದು ಸಮಾಧಾನವೋ ಅಭಿಪ್ರಾಯವೋ ನಾನು ಕೇಳಲಿಲ್ಲ.

ಅವರು ತಮ್ಮ ಟೆಲಿಸ್ಕೋಪಿಗೆ ಕ್ಯಾಮರಾ ಜೋಡಿಸಿ ಆ ಮಂಕಾದ ಪುಟ್ಟ ನಕ್ಷತ್ರವನ್ನು ಪರದೆಯ ಮೇಲೆ ತಂದರು. ನನ್ನ ಟೆಲಿಸ್ಕೋಪನ್ನೂ ಅದಕ್ಕೇ ತಿರುಗಿಸಿಕೊಟ್ಟರು. ನನ್ನ ಕೆಲಸ ಕಣ್ಣಿಟ್ಟು ನೋಡುವುದು. ನಕ್ಷತ್ರ ಮಾಯವಾದರೆ 'ಹೋಯ್ತು', ಮರಳಿದರೆ 'ಬಂತು' ಎಂದು ರೆಕಾರ್ಡರಿನಲ್ಲಿ ಕೂಗುವುದು. ಚಳಿ ಇತ್ತು. ರಾಧಾಮಣಿ ಬಲವಂತವಾಗಿ ಹಾಕಿ ಕಳಿಸಿದ್ದ ಮಂಕಿ ಕ್ಯಾಪ್ ತಲೆಗಿತ್ತು.

ಹೊತ್ತು ಹತ್ತಿರ ಬಂದಂತೆ ಕಣ್ಣನ್ನು ಟೆಲಿಸ್ಕೋಪಿಗೆ ಒತ್ತಿಕೊಂಡೆ. ಉಸಿರು ಬಿಗಿಹಿಡಿದು ಬಗ್ಗಿದ್ದೆ. ಚುಕ್ಕೆ ಸುಮ್ಮನೆ ಮಿನುಗುತ್ತಿತ್ತು. ಇದ್ದಕ್ಕಿದ್ದಂತೆ ಎಲ್ಲ ಕಪ್ಪಾಯಿತು.

"ಹೋಯ್ತು! ಹೋಯ್ತು! ಹೋಯ್ತು ಜೀಷಾನ್!" ಎಂದು ಕಿರುಚಿದೆ. ಎರಡು ಉಸಿರಿನಲ್ಲಿ ಚುಕ್ಕೆ ಮರಳಿತು. "ಬಂತು!"

ಅಷ್ಟು ದೂರದ ಬಂಡೆಯೊಂದರ ನೆರಳು ನನ್ನ ಮೇಲೆ ಹಾದುಹೋಗಿತ್ತು. ಕಣ್ಣಲ್ಲಿ ನೀರೇ ಬಂತು. ಕೂಡಲೇ ಯಶವಂತಪುರಕ್ಕೆ ಫೋನ್ ಮಾಡಿದೆ. "ಮೇಡಂ, ಸಿಕ್ತು! ನಟ್ಟನಡುವೆ ನಿಂತಿದ್ದೆ, ಪಕ್ಕಾ ಸಿಕ್ತು. ಪಾಪ, ನಿಮಗೆ ಅಲ್ಲೇನೂ ಕಂಡಿರಲ್ಲ."

ಮೇಡಂ, "ನಿಮಗೂ ಕಾಣಿಸಿತಾ? ನಮಗೂ ನಕ್ಷತ್ರ ಆರಿತು, ಬಾಲರಾಜು ಅವರೇ. ಹೆಬ್ಬಾಳದವರಿಗೂ. ಪುಟ್ಟೇನಹಳ್ಳಿಯಲ್ಲಿ ರೆಪ್ಪೆ ಬಡಿಯುವಷ್ಟು ಹೊತ್ತು ಮಾತ್ರವಂತೆ. ಲೆಕ್ಕಕ್ಕಿಂತ ನೆರಳು ಈ ಕಡೆ ಸರಿದಿದೆ. ಹಾಗಿದ್ದರೆ ಬಾಗಲೂರಿಗೆ ಬರಬಾರದಲ್ಲ? ಜೀಷಾನ್‌ಗೆ ವಿಡಿಯೋ ನೋಡೋದಕ್ಕೆ ಹೇಳಿ" ಎಂದರು.

ಜೀಷಾನ್ ಆಗಲೇ ನೋಡುತ್ತಿದ್ದರು. ಪರದೆಯ ಮೇಲೆ ಚುಕ್ಕೆ ಮಿನುಗುತ್ತಿತ್ತು. ನನ್ನ 'ಹೋಯ್ತು' ಕೇಳಿಸಿತು, ಚುಕ್ಕೆ ಹೋಗಲಿಲ್ಲ. ಇನ್ನೂ ಎರಡು ಸಲ 'ಹೋಯ್ತು' ಕೇಳಿಸಿತು. ಚುಕ್ಕೆ ಅಲ್ಲೇ ಇತ್ತು, ನಮ್ಮ ಗಲಾಟೆಗೂ ತನಗೂ ಸಂಬಂಧವಿಲ್ಲವೆನ್ನುವಂತೆ. ಅವರು ವಿಡಿಯೋ ನಿಲ್ಲಿಸಿ ಮೆಲ್ಲಗೆ ನನ್ನ ಕಡೆ ತಿರುಗಿದರು.

"ಸರ್, ಬಗ್ಗಿದಾಗ ನಿಮ್ಮ ಟೋಪಿ ಕಣ್ಣಿನ ಮೇಲೆ ಜಾರ್ತಲ್ಲ, ಆಮೇಲೆ ನೀವೇ ಅದನ್ನ ಮೇಲಕ್ಕೆ ತಳ್ಳಿದ್ರಿ."

ತಲೆ ಮುಟ್ಟಿ ನೋಡಿಕೊಂಡೆ. ಆ ಸಂಜೆ ಬಾಗಲೂರಿನಿಂದ ನಾನೊಬ್ಬನೇ ಕಂಡ ಗ್ರಹಣಕ್ಕೆ ಕಾರಣವಾದ ವಸ್ತು ಉಣ್ಣೆಯದು, ಕಂದು ಬಣ್ಣದ್ದು, ಯಲಹಂಕ ಸಂತೆಯಲ್ಲಿ ಕೊಂಡದ್ದು.

ಎಷ್ಟೋ ಹೊತ್ತು ಒಂದು ಸೈಟಿನ ಕಲ್ಲಿನ ಮೇಲೆ ಕೂತಿದ್ದೆ. ಕ್ಯಾಮರಾ ಕೈಕೊಟ್ಟಿತು ಎಂದುಬಿಡೋಣವೇ ಎಂಬ ಯೋಚನೆಯೂ ಬಂತು, ಸುಳ್ಳು ಹೇಳುವುದೇಕೆ. ಆದರೆ ಕ್ಯಾಮರಾ ಎದುರು ಸಂಘದ್ದು, ಅದನ್ನು ನೋಡಿಕೊಳ್ಳುವವರು ಪಕ್ಕದಲ್ಲೇ ಫ್ಲಾಸ್ಕಿನಿಂದ ನನಗೆ ಟೀ ಬಗ್ಗಿಸುತ್ತಿದ್ದರು. ಖುರ್ಷೀದ್ ಮೇಡಂ ಹಾಕಿದ ಷರತ್ತಿನ ಅರ್ಥ ಆಗ ನನಗೆ ಪೂರ್ತಿ ತಿಳಿಯಿತು. ಫೋನ್ ಮಾಡಿ, "ಮೇಡಂ, ಇಲ್ಲಿ ಏನೂ ಕಾಣ್ಲಿಲ್ಲ" ಎಂದೆ. ಟೋಪಿಯ ವಿಷಯವನ್ನೂ ಹೇಳಿಬಿಟ್ಟೆ. ಜೀಷಾನ್ ಹೇಳುವುದಕ್ಕಿಂತ ನಾನೇ ಹೇಳುವುದು ಮೇಲು ಅನ್ನಿಸಿತು.

ಅವರು ನಗುತ್ತಾರೆಂದು ಕಾದೆ. ನಕ್ಕರು, ಆದರೆ ಆಮೇಲೆ. ಮೊದಲು ಅವರು ಕೇಳಿದ್ದು, "ಕ್ಯಾಮರಾದಲ್ಲಿ ನಕ್ಷತ್ರ ಒಂದು ಕ್ಷಣವೂ ಆರಿಲ್ಲ ಅಂತ ಖಚಿತವಾ?"

"ಖಚಿತ ಮೇಡಂ."

"ಒಳ್ಳೇದು. ಪುಟ್ಟೇನಹಳ್ಳಿಗೆ ತಗುಲಿ, ಬಾಗಲೂರಿಗೆ ತಗುಲಿಲ್ಲ ಅಂದ್ರೆ ನೆರಳಿನ ಅಂಚು ನಿಮ್ಮಿಬ್ಬರ ನಡುವೆ ಇದೆ. ನೀವು ಅಲ್ಲಿ ನಿಲ್ಲದೆ ಇದ್ದಿದ್ದರೆ ಆ ಕಡೆ ಅದು ಎಲ್ಲಿಗೆ ಮುಗೀತು ಅಂತಲೇ ಗೊತ್ತಾಗ್ತಿರಲಿಲ್ಲ." ಇಷ್ಟು ಹೇಳಿದ ಮೇಲೆ ಅವರು ನಗತೊಡಗಿದರು. ಹಿಂದೆ ರಘುನಾಥ್ ನಗುವುದೂ ಕೇಳಿಸಿತು. ನಮ್ಮ ಕಾರ್ಯದರ್ಶಿ, ನಮ್ಮದೇ ಸಂಘದವರು. ಪಕ್ಕದಲ್ಲಿ ಜೀಷಾನ್ ಟೀ ಚೆಲ್ಲಿಕೊಂಡರು. ಕೊನೆಗೆ ನಾನೂ ನಕ್ಕೆ, ಬೇರೆ ದಾರಿಯಿರಲಿಲ್ಲ.

ಮನೆಗೆ ಹೋದಾಗ ಅಮ್ಮ ಮುದ್ದೆ ಬಡಿಸಿಕೊಂಡು ಕೂತಿದ್ದರು. "ಏನ್ ಕಾಣ್ತಪ್ಪಾ?" ಎಂದರು.

"ಏನೂ ಕಾಣ್ಲಿಲ್ಲಮ್ಮ. ಅದೇ ಮುಖ್ಯ ಅಂತೆ."

"ಇಂಗೆ ಏನೂ ಕಾಣ್ದೆ ಇರಾಕೆ ಬಾಗಲೂರ್ಗಂಟ ಓಗ್ಬೇಕಾಗಿತ್ತಾ? ಇಲ್ಲೇ ಕಣ್ ಮುಚ್ಕೊಂಡಿದ್ರೆ ಆಯ್ತಿರ್ಲಿಲ್ವಾ?"

ಅಮ್ಮನಿಗೆ ಚಮಚ, ಇರುವೆ, ಟ್ಯೂಬ್‌ಲೈಟು, ಟೋಪಿ ಎಲ್ಲ ಇಟ್ಟು ವಿವರಿಸಿದೆ. ಕೊನೆಯಲ್ಲಿ ಅವರು, "ಇರುವೆ ಯಾಕ್ ಸುಳ್ ಏಳ್ತು ಮತ್ತೆ?" ಎಂದರು. ರಾಧಾಮಣಿ ಮುದ್ದೆ ಬಿಟ್ಟು ಎದ್ದುಹೋಗಿ ಅಡುಗೆಮನೆಯಲ್ಲಿ ನಕ್ಕಳು.

ಎರಡು ತಿಂಗಳ ಮೇಲೆ ಪ್ರೊಫೆಸರ್ ವರದಿ ಕಳಿಸಿದರು. ಬಂಡೆ ಆಲೂಗಡ್ಡೆಯ ಆಕಾರದ್ದಂತೆ. ನಾಲ್ಕೂ ಜಾಗಗಳ ಹೆಸರಿತ್ತು, ನಮ್ಮೆಲ್ಲರ ಹೆಸರಿತ್ತು. ನನ್ನ ಹೆಸರಿನ ಮುಂದೆ 'ಕಂಡಿಲ್ಲ' ಎಂದಿತ್ತು. ವರದಿ ಇಂಗ್ಲಿಷಿನಲ್ಲಿದ್ದದ್ದರಿಂದ ಓದಲು ಸ್ವಲ್ಪ ಗಂಭೀರವಾಗಿತ್ತು. ಹೆಮ್ಮೆಯಿಂದ ಷಡ್ಡಕನಿಗೆ ತೋರಿಸಿದೆ. ಅವನು ಪೂರ್ತಿ ಓದಿ, "ಭಾವ, ಕಾಣದೇ ಇರೋದ್ರಲ್ಲೂ ನಿಮ್ಮ ಹೆಸರು ಬರುತ್ತೆ ಅಂದ್ರೆ ದೊಡ್ಡ ವಿಷಯ" ಎಂದು ವಾಕಿಂಗ್ ಮುಂದುವರಿಸಿದ.

ಎರಡು ಸಂಘಗಳು ಒಂದಾಗಲಿಲ್ಲ. ಒಂದಾಗಬೇಕೆಂದು ಜೀಷಾನ್ ಒಮ್ಮೆ ಹೇಳಿದಾಗ ಮೇಡಮ್ಮೂ ನಾನೂ ಒಂದೇ ದನಿಯಲ್ಲಿ ಬೇಡವೆಂದೆವು. ನಮ್ಮಿಬ್ಬರ ನಡುವಿನ ಮೊದಲ ಒಮ್ಮತ ಅದು. ಆದರೆ ಲೇಔಟಿನ ಫೋಕಸ್ ಲೈಟುಗಳಿಗೆ ಕೈಗೆಟುಕುವ ಸ್ವಿಚ್ ಹಾಕಿಸಿದೆ. ಅವರ ಹನ್ನೆರಡು ಇಂಚಿನ ಟೆಲಿಸ್ಕೋಪು ಈಗ ತಿಂಗಳಿಗೊಮ್ಮೆ ಅಲ್ಲಿಗೆ ಬರುತ್ತದೆ. ನನಗೆ ಮೇಡಂ ನಕ್ಷತ್ರಪಟ ಓದುವುದನ್ನು ಕಲಿಸುತ್ತಿದ್ದಾರೆ. ತಪ್ಪು ಹೇಳಿದರೆ ಈಗಲೂ ಎಲ್ಲರ ಮುಂದೆಯೇ ತಿದ್ದುತ್ತಾರೆ.

ಮುಂದಿನ ನೆರಳಿನ ಸುದ್ದಿ ಬಂದಾಗ ಹೊಸ ಜಗಳ ಹುಟ್ಟಿತು. ನಟ್ಟನಡುವಿನ ಜಾಗ ಈಗ ಯಾರಿಗೂ ಬೇಡ; ಎಲ್ಲರಿಗೂ ಅಂಚೇ ಬೇಕು. "ಅಂಚಿನ ಅನುಭವ ಇರೋದು ನನಗೆ" ಎಂದು ನಾನು ಪಟ್ಟುಹಿಡಿದೆ. "ನಿಮಗಿರೋದು ಟೋಪಿಯ ಅನುಭವ" ಎಂದರು ಮೇಡಂ. ಅರ್ಧ ಗಂಟೆ ವಾದ ಮಾಡಿ, ಚೀಟಿ ಎತ್ತಿ, ಜಾಗ ಹಂಚಿಕೊಂಡು ಹೊರಟೆವು.

ಆ ಸಂಜೆ ದೇವನಹಳ್ಳಿ ಕಡೆಯಿಂದ ಮೋಡ ಎದ್ದು ಇಡೀ ಉತ್ತರ ಬೆಂಗಳೂರನ್ನು ಮುಚ್ಚಿತು. ನಡುವಿನವರಿಗೂ ಅಂಚಿನವರಿಗೂ ಒಂದೇ ಸಮ ಏನೂ ಕಾಣಲಿಲ್ಲ. ಟೆಲಿಸ್ಕೋಪುಗಳನ್ನು ಕಾರುಗಳಿಗೆ ತುಂಬಿ, ಎಲ್ಲರೂ ಆರ್.ಟಿ. ನಗರದಲ್ಲಿದ್ದ ಮೇಡಂ ಮನೆಗೆ ಹೋದೆವು. ಅವರು ಸಮೋಸ ಕರಿಯಲು ನಿಂತರು, ರಘುನಾಥ್ ಈರುಳ್ಳಿ ಹೆಚ್ಚಿದರು, ನಾನು ಕುರ್ಚಿಗಳನ್ನು ಹಾಕಿದೆ. ಹೊರಗೆ ಜೋರಾಗಿ ಮಳೆ ಹಿಡಿದಿತ್ತು.